ಸರಾಸರಿಯ ಮರೆಯಲ್ಲಿ ನಮ್ಮ ಕೇರಿ



1929ರಲ್ಲೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು. ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಹಾಗಂತ ಮಳವಳ್ಳಿಯ ಕೊನೆ ಹಳ್ಳಿಯ ಬಾಣಂತಿಗೆ ಏನು ದಕ್ಕಿತು? ಜಿಲ್ಲೆಯ ಸರಾಸರಿ ಇದನ್ನು ಹೇಳೋದಿಲ್ಲ.

ಮೊಜಾಂಬಿಕ್ ಬಡದೇಶ ಅಂತೀವಿ. ಅಲ್ಲೂ ರಾಜಧಾನಿ ಮಾಪುಟೊದ ಕೂಸಿಗಿಂತ ಜಾಂಬೇಜಿಯಾ ಪ್ರಾಂತ್ಯದ ಕೂಸು ಸಾಯುವ ಸಂಭವ ಹೆಚ್ಚು. ಒಂದೇ ದೇಶ, ಎರಡು ಹಣೆಬರಹ.

ಬಯಲು ಪ್ರದೇಶದಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000ಕ್ಕೊಂದು ಉಪಕೇಂದ್ರ. ಇದು ಸರ್ಕಾರದ್ದೇ ಲೆಕ್ಕ. ಆ ಲೆಕ್ಕ ತಲೆ ಎಣಿಸುತ್ತೆ. ಕೇರಿಗೆ ತಲುಪಿತಾ ಅಂತ ಕೇಳೋದಿಲ್ಲ. ಕೇಳಬೇಕಾದವರು ನಾವು.

ಮಂಡ್ಯ, ಮದ್ದೂರು, ಮಳವಳ್ಳಿ ಹಾಸ್ಟೆಲುಗಳ ಗೆಳೆಯ ಗೆಳತಿಯರೇ, ರಜೆಗೆ ಊರಿಗೆ ಹೋದಾಗ ಬರೆದಿಟ್ಟುಕೊಳ್ಳಿ: ಡಾಕ್ಟರು ವಾರಕ್ಕೆ ಎಷ್ಟು ದಿನ ಬಂದರು? ನರ್ಸಮ್ಮ ಕೇರಿಯೊಳಗೆ ಕಾಲಿಟ್ಟರಾ? ಮೂರೂ ತಾಲ್ಲೂಕಿನ ಉತ್ತರ ಪಕ್ಕಪಕ್ಕ ಇಟ್ಟು ಜವಾಬು ಕೇಳೋಣ.