ಅಡುಗೆ ಪಾತ್ರೆಯಲ್ಲಿ ಸೀಸ: ಮುದ್ರೆಯೊಂದೇ ಸಾಕೆ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಎಚ್ಚರಿಕೆಯೊಂದು ನಮ್ಮ ಅಡುಗೆಮನೆಗಳಿಗೂ ಸಂಬಂಧಪಟ್ಟಿದ್ದು. ಆಮದಾದ ಕೆಲವು ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದೆಂದು ಹೇಳಿದ ಆ ಪ್ರಕಟಣೆಯು ಹಿತ್ತಾಳೆ, ಅಲ್ಯೂಮಿನಿಯಂಗಳ ಜೊತೆಗೆ ಹಿಂಡಾಲಿಯಂನ ಹೆಸರನ್ನೂ ಎತ್ತಿತ್ತು. ಅದರಲ್ಲಿ ಮೊದಲಿಗೆ ಹೆಸರಿಸಲಾದ ಉತ್ಪನ್ನ ಭಾರತದಲ್ಲೇ ತಯಾರಾದುದು. ಅದಕ್ಕೂ ಮುನ್ನ, ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ ಅಫ್ಘನ್ ನಿರಾಶ್ರಿತ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದರ ಕಾರಣ ಹುಡುಕಿದಾಗ ಅಲ್ಯೂಮಿನಿಯಂ ಪಾತ್ರೆಗಳತ್ತ ಬೆರಳು ತೋರಿತ್ತು. ವಾಷಿಂಗ್ಟನ್ ರಾಜ್ಯ 2024ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು.

ಶುದ್ಧ ಅಲ್ಯೂಮಿನಿಯಂನಲ್ಲಿ ಸೀಸಕ್ಕೆ ಸ್ಥಾನವಿಲ್ಲ. ಸಂಕಟವಿರುವುದು ಗುಜರಿಯಲ್ಲಿ. ವಾಹನಗಳ ಬಿಡಿಭಾಗ ಮುಂತಾದವನ್ನು ಬೇರ್ಪಡಿಸದೆ ಕರಗಿಸಿ ಎರಕ ಹೊಯ್ದಾಗ ಬೇಡದ ಲೋಹವೂ ಪಾತ್ರೆಯೊಳಗೆ ಸೇರುತ್ತದೆ. ಹುಳಿ, ಉಪ್ಪು ಮತ್ತು ಬಿಸಿ ಅದನ್ನು ಹೊರಗೆಳೆಯುತ್ತವೆ. ಹುಣಸೆಹಣ್ಣು, ಟೊಮೆಟೊಗಳಿಲ್ಲದೆ ಸಾರು ಮಾಡದ ನಾಡಿಗೆ ಇದು ಸಣ್ಣ ವಿಚಾರವಲ್ಲ. ಸೀಸದ ವಿಷಯದಲ್ಲಿ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮೀರಿದ ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ಅಂದಾಜಿಸಿತ್ತು. ಹಳೆಯ ಬ್ಯಾಟರಿ, ಬಣ್ಣ, ಕಲಬೆರಕೆಯ ಅರಿಶಿನಗಳೂ ಇದಕ್ಕೆ ಕಾರಣವೆಂಬುದು ನಿಜ. ಆದರೆ ಪಾತ್ರೆ ದಿನವೂ ಒಲೆಯೇರುವ ವಸ್ತು.

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯಗೊಳಿಸುವ ಆದೇಶ ಹೊರಡಿಸಿದ್ದು ಸ್ವಾಗತಾರ್ಹ. ಆದರೆ ಸಂತೆಯಲ್ಲಿ ತೂಕಕ್ಕೆ ಮಾರುವ ದಬರಿ, ಬಾಣಲೆಗಳ ತಳವನ್ನು ಪರೀಕ್ಷಿಸುವವರಾರು? ಹಿತ್ತಾಳೆ ಪಾತ್ರೆ ಆ ಆದೇಶದ ವ್ಯಾಪ್ತಿಯಲ್ಲಿರಲಿಲ್ಲ. ಈಚೆಗೆ ಹಿತ್ತಾಳೆ, ತಾಮ್ರಗಳು ಆರೋಗ್ಯದ ಹೆಸರಿನಲ್ಲಿ ಮರಳಿ ಬರುತ್ತಿವೆಯಾದರೂ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕುದಿಸಬಾರದೆಂಬ ಅಜ್ಜಿಯರ ಕಟ್ಟುನಿಟ್ಟು ಅವುಗಳೊಡನೆ ಮರಳಿಲ್ಲ. ಕಲಾಯಿಗೂ ಶುದ್ಧ ತವರವೇ ಬೇಕು. ಸೀಸ ಬೆರೆತ ಬೆಸುಗೆಲೋಹವನ್ನು ಬಳಿದರೆ ಕಲಾಯಿಯೇ ವಿಷದ ಲೇಪವಾಗುತ್ತದೆ.

ಹುಳಿಯ ಅಡುಗೆಗೆ ಮುದ್ರೆಯುಳ್ಳ ಸ್ಟೀಲ್, ದೋಸೆ ರೊಟ್ಟಿಗೆ ಎರಕದ ಕಬ್ಬಿಣ ಸಾಕು. ನಾನ್‌ಸ್ಟಿಕ್ ಬಾಣಲೆಯನ್ನು ಬರಿದಾಗಿ ದೊಡ್ಡ ಉರಿಯಲ್ಲಿ ಕಾಯಿಸದಿದ್ದರೆ ಭಯಕ್ಕೆ ಹೆಚ್ಚು ಕಾರಣವಿಲ್ಲ.

ಶಂಕಿತ ಪಾತ್ರೆಯನ್ನು ದಾನ ಮಾಡಬೇಡಿ, ದುರಸ್ತಿ ಮಾಡಿಸಬೇಡಿ, ಎಸೆದುಬಿಡಿ ಎಂದು ಅಮೆರಿಕದ ಪ್ರಕಟಣೆ ಹೇಳಿತ್ತು. ನಮ್ಮಲ್ಲಾದರೋ ಹಳೆಯ ಪಾತ್ರೆ ಅಂಗಡಿಯ ತಕ್ಕಡಿಗೆ ಬಿದ್ದು, ಕುಲುಮೆ ಸೇರಿ, ಹೊಸ ಪಾತ್ರೆಯಾಗಿ ಮತ್ತೊಂದು ಮನೆಗೆ ಹೋಗುತ್ತದೆ. ನಿಯಂತ್ರಣ ಆ ಕುಲುಮೆಯಿಂದಲೇ ಆರಂಭವಾಗಬೇಕಾಗಿದೆ.