ಗ್ರಾಮಶಾಲೆಗಳೂ ಅಗ್ಗದ ಲ್ಯಾಪ್‌ಟಾಪುಗಳೂ

ಹಳ್ಳಿಯ ಶಾಲೆಗಳಿಗೆ ಕಡಮೆ ಬೆಲೆಯ ಲ್ಯಾಪ್‌ಟಾಪುಗಳನ್ನು ಹಂಚಬೇಕೆಂಬ ಮಾತು ನಮ್ಮ ದೇಶದಲ್ಲಿ ಆಗಾಗ್ಗೆ ಏಳುತ್ತದೆ. ಪಟ್ಟಣದ ಹುಡುಗನಿಗೆ ದೊರೆಯುವ ಸಾಧನವು ಹಳ್ಳಿಯ ಹುಡುಗನಿಗೂ ದೊರೆಯತಕ್ಕದ್ದೆಂಬುದರಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ನಮ್ಮ ಆಕ್ಷೇಪಣೆಯಿರುವುದು ಯಂತ್ರದ ಮೇಲಲ್ಲ. ಯಂತ್ರದ ಕ್ರಯವನ್ನೇ ಯೋಜನೆಯ ಸಮಗ್ರ ವೆಚ್ಚವೆಂದೆಣಿಸುವ ಲೆಕ್ಕದ ಮೇಲೆ.

ಈ ಲೆಕ್ಕದ ಫಲವನ್ನು ಪರದೇಶಗಳು ಈಗಾಗಲೇ ಉಂಡಿವೆ. ಅಮೆರಿಕದ ನಿಕೊಲಾಸ್ ನೆಗ್ರೊಪಾಂಟೆಯವರು ಮಗುವಿಗೊಂದರಂತೆ 100 ಡಾಲರಿನ ಲ್ಯಾಪ್‌ಟಾಪನ್ನು ಒದಗಿಸುವೆವೆಂದು 2005ರಲ್ಲಿ ಸಾರಿದರು. 2007ರಲ್ಲಿ ಯಂತ್ರವು ಸಿದ್ಧವಾದಾಗ ಬೆಲೆಯು 180 ಡಾಲರನ್ನು ಮೀರಿತ್ತು. ಪೆರು ದೇಶವು ಎಂಟು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಕೊಂಡಿತು. ಅಲ್ಲಿಯ 319 ಗ್ರಾಮಶಾಲೆಗಳನ್ನು ಹೋಲಿಸಿ ನೋಡಿದ ಪರಿಶೀಲನೆಯೊಂದು 2012ರಲ್ಲಿ ಪ್ರಕಟವಾಯಿತು. ಯಂತ್ರ ಪಡೆದ ಮಕ್ಕಳು ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮುಂದುವರಿದುದು ಅದರಲ್ಲಿ ಕಂಡುಬರಲಿಲ್ಲ. ಬಹುತೇಕ ಶಾಲೆಗಳಲ್ಲಿ ಇಂಟರ್‌ನೆಟ್ಟಿರಲಿಲ್ಲ. ಯಂತ್ರವನ್ನು ಮನೆಗೊಯ್ಯುತ್ತಿದ್ದ ಮಕ್ಕಳು ನೂರಕ್ಕೆ 40ರಷ್ಟು ಮಾತ್ರ. ಉರುಗ್ವೆ ದೇಶವು ಯಂತ್ರದೊಡನೆ ಇಂಟರ್‌ನೆಟ್ಟನ್ನೂ ದುರಸ್ತಿಯ ಏರ್ಪಾಡನ್ನೂ ಮಾಡಿತು. ಆದರೂ ಓದು ಮತ್ತು ಲೆಕ್ಕಗಳಲ್ಲಿ ಅಲ್ಲಿಯೂ ಗಣನೀಯ ಪ್ರಗತಿ ಕಾಣಲಿಲ್ಲ. ಕಲಿಸುವವನು ಯಂತ್ರವಲ್ಲ, ಉಪಾಧ್ಯಾಯನೆಂಬ ಹಳೆಯ ಮಾತು ಹೊಸದಾಗಿ ಸಿದ್ಧಪಟ್ಟಿತು.

ನಮ್ಮಲ್ಲಿ ನಡೆದುದೇನು? ಅಮೆರಿಕದ ಈ ಯೋಜನೆಯನ್ನು ನಮ್ಮ ಕೇಂದ್ರ ಸರಕಾರದವರು 2006ರಲ್ಲಿ ನಿರಾಕರಿಸಿದರು. 2011ರ ಅಕ್ಟೋಬರಿನಲ್ಲಿ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ವಿದ್ಯಾರ್ಥಿಗಳಿಗಾಗಿ ತಾವೇ ಹೊರತಂದರು. ಮಂದಗತಿಯ ಪರದೆ, ಬೇಗ ಬರಿದಾಗುವ ಬ್ಯಾಟರಿ ಎಂಬ ದೂರುಗಳು ಕೂಡಲೇ ಎದ್ದವು. ಇಂದು ಅದರ ಹೆಸರನ್ನು ಎತ್ತುವವರಿಲ್ಲ. 2023-24ರ ಸರಕಾರಿ ಅಂಕಿಗಳಂತೆ ದೇಶದ ಶಾಲೆಗಳಲ್ಲಿ ಕಂಪ್ಯೂಟರಿದ್ದವು ನೂರಕ್ಕೆ 57, ಇಂಟರ್‌ನೆಟ್ಟಿದ್ದವು 54.

ಸಾಮಾನ್ಯವಾದೊಂದು ಹಳ್ಳಿಯ ಶಾಲೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. 30 ಯಂತ್ರಗಳನ್ನು ಒಮ್ಮೆಗೇ ಚಾರ್ಜು ಮಾಡಲು, ಒಂದಕ್ಕೆ 50 ವ್ಯಾಟಿನಂತೆ, 1,500 ವ್ಯಾಟು ಬೇಕು. ಎರಡು ದೀಪ, ಒಂದು ಫ್ಯಾನಿಗೆಂದು ಎಳೆದ ತಂತಿ ಈ ಹೊರೆಯನ್ನು ತಾಳೀತೆ? ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸೋಲುವುದು ನಿಶ್ಚಯ, ಹೊಸದಕ್ಕೆ ಹಣವೆಲ್ಲಿ? ದಾಸ್ತಾನು ಪುಸ್ತಕದಲ್ಲಿ ಯಂತ್ರವನ್ನು ಬರೆದುಕೊಂಡ ಹೆಡ್‌ಮಾಸ್ತರರು, ಒಂದು ಕೆಟ್ಟರೂ ತಮ್ಮ ಸಂಬಳಕ್ಕೆ ಬಂದೀತೆಂದು ಹೆದರಿ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ತಪ್ಪು ಅವರದಲ್ಲ, ನಿಯಮದ್ದು. ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡುವ ರೀತಿಯಿದು.

ಆದಕಾರಣ ಅಧಿಕಾರಿಗಳಲ್ಲಿ ನಮ್ಮ ಸೂಚನೆಯಿಷ್ಟೆ. ಯಂತ್ರ ಕೊಳ್ಳುವ ಆಜ್ಞೆಯಲ್ಲಿಯೇ ಐದು ವರ್ಷಗಳ ದುರಸ್ತಿ, ಬ್ಯಾಟರಿ, ವಿದ್ಯುತ್ತಿನ ಬಾಬ್ತುಗಳು ಸೇರಿರಲಿ. ತಾಲ್ಲೂಕಿಗೊಂದು ದುರಸ್ತಿ ಕೇಂದ್ರವಿರಲಿ. ಇಂಟರ್‌ನೆಟ್ಟಿನ ಹಂಗಿಲ್ಲದೆ ತೆರೆಯುವ ಕನ್ನಡ ಪಾಠಗಳು ಯಂತ್ರದೊಳಗೇ ಇರಲಿ. ಮಕ್ಕಳ ಕೈಗೆ ಬರುವ ಆರು ತಿಂಗಳ ಮೊದಲೇ ಯಂತ್ರವು ಉಪಾಧ್ಯಾಯರ ಮನೆಯಲ್ಲಿರಲಿ. ಬಳಕೆಯಲ್ಲಿ ಕೆಟ್ಟ ಯಂತ್ರಕ್ಕೆ ದಂಡವಿಲ್ಲವೆಂದು ಲಿಖಿತ ಅಭಯವಿರಲಿ. ಹಣ ಸಾಲದಿದ್ದರೆ ನೂರು ಶಾಲೆಗಳಿಗೆ ಬದಲು ನಲವತ್ತಕ್ಕೇ ಕೊಡಲಿ.

ಯೋಜನೆಯೊಂದು ಕೆಟ್ಟರೆ ನಷ್ಟವಾಗುವುದು ಹಣ ಮಾತ್ರವಲ್ಲ. ‘ಹಳ್ಳಿಯವರಿಗೆ ಕೊಟ್ಟು ನೋಡಿದೆವು, ಪ್ರಯೋಜನವಾಗಲಿಲ್ಲ’ ಎಂಬ ನೆಪವು ಮುಂದಿನ ಕಡತಗಳಲ್ಲಿ ಶಾಶ್ವತವಾಗಿ ಸೇರುತ್ತದೆ. ಆಗ ಬಾಗಿಲು ಮುಚ್ಚುವುದು ತಪ್ಪು ಮಾಡದ ಮಕ್ಕಳಿಗೆ.