ನಾಗರಭಾವಿಯ ನೆನಪನ್ನು ಕನ್ನಡದಲ್ಲಿ ಕೇಳಿ!

ಕನ್ನಡದ ತರುಣ ತರುಣಿಯರೇ, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಆಕಾಶದಿಂದ ಉದುರಿದ್ದಲ್ಲ. ನಮ್ಮದೇ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ್ದು. 1988ರಲ್ಲಿ ಸೇರಿದ ಮೊದಲ ತಂಡದವರಿಗೆ ಈಗ ಐವತ್ತು ದಾಟಿದೆ. ಅದನ್ನು ಕಟ್ಟಿದ ಮಾಧವ ಮೆನನ್ 2019ರಲ್ಲೇ ತೀರಿಕೊಂಡರು.

ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಧ್ವನಿಮುದ್ರಿಸಿ ಇಡಬೇಕು, ಒಪ್ಪೋಣ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಕೇಳಿದರೆ ಬಹುಮಾನ, ಪದವಿ, ವಿದೇಶದ ಕತೆ ಬರುತ್ತದೆ. ಕನ್ನಡ ಶಾಲೆಯಿಂದ ಬಂದವರು ಮೂಟ್ ಕೋರ್ಟಿನಲ್ಲಿ ನುಂಗಿಕೊಂಡ ಮಾತು? ಅದು ತಾಯ್ನುಡಿಯಲ್ಲಿ ಕೇಳಿದವರಿಗೇ ಸಿಗುವುದು. (ಹಾಸ್ಟೆಲಿನಲ್ಲಿ ಅನ್ನ ಬಡಿಸಿದವರನ್ನೂ ಬಿಡಬೇಡಿ.)

ನಿಮ್ಮ ಬೀದಿಯಲ್ಲಿ, ನಿಮ್ಮೂರ ಕೋರ್ಟಿನಲ್ಲಿ ಅಲ್ಲಿ ಓದಿದ ವಕೀಲರಿದ್ದರೆ ಇವತ್ತೇ ಫೋನ್ ಹಿಡಿದು ಹೋಗಿ. ಕನ್ನಡದಲ್ಲಿ ಕೇಳಿ. ಒಂದು ಪ್ರತಿಯನ್ನು ಲಾ ಸ್ಕೂಲಿನ ಗ್ರಂಥಾಲಯಕ್ಕೆ ಕೊಟ್ಟು ರಸೀದಿ ಪಡೆಯಿರಿ.